ಬಿಚ್ಚಲು ಬಾರದ ಎಮರ್ಜೆನ್ಸಿ ಲೈಟು

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ತೋಟದ ಕಡೆ ಕರೆಂಟು ಹೋದರೆ ಬೇಗ ಬರುವುದಿಲ್ಲ. ಅದಕ್ಕೆಂದೇ ತಂದಿದ್ದ ಎಮರ್ಜೆನ್ಸಿ ಲೈಟು ಒಂದೇ ವರ್ಷಕ್ಕೆ ಚಾರ್ಜ್ ಹಿಡಿಯುವುದು ನಿಲ್ಲಿಸಿತು. ರಿಪೇರಿಯವರು ‘ಅಂಟಿಸಿಬಿಟ್ಟಿದ್ದಾರೆ, ಒಡೆದೇ ತೆಗೆಯಬೇಕು’ ಅಂದರು. ಗುಜರಿಯವರಿಗೂ ಬೇಡವಂತೆ. ಹೀಗೆ ಯಾಕೆ ಮಾಡುತ್ತಾರೆ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಖರ್ಚು ಕಡಿಮೆ, ಅದಕ್ಕೇ. ಸ್ಕ್ರೂ ಹಾಕಲು ಕೈ ಬೇಕು, ಹೊತ್ತು ಬೇಕು. ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಒತ್ತಿಹಿಡಿದು ಅದುರಿಸಿಯೇ ಬೆಸೆಯುವ ಮಿಷನ್ನು ಒಂದೆರಡು ಸೆಕೆಂಡಿನಲ್ಲಿ ಕೆಲಸ ಮುಗಿಸುತ್ತದೆ. ನೀರು ಒಳಗೆ ಹೋಗಬಾರದು ಅಂತ ಹೀಗೆ ಮಾಡಿದ್ದೇವೆ ಎನ್ನುವವರೂ ಇದ್ದಾರೆ. ನನಗೇನೋ ಅದು ನೆಪ ಅನ್ನಿಸುತ್ತದೆ. ತೋಟದ ನೀರಿನ ಪಂಪಿಗೆ ವಾಷರ್ ಇಟ್ಟು ಬೋಲ್ಟು ಬಿಗಿದಿರುತ್ತಾರೆ, ಅದರಲ್ಲೇನು ಸೋರುತ್ತದೆಯೇ?

ಗುಜರಿಯವರನ್ನು ಬೈಯಬೇಡಿ. ತಾಮ್ರ ತಾಮ್ರವಾಗಿ, ಕಬ್ಬಿಣ ಕಬ್ಬಿಣವಾಗಿ, ಪ್ಲಾಸ್ಟಿಕ್ಕೂ ಒಂದೊಂದೇ ಜಾತಿಯಾಗಿ ಬೇರೆಯಾದರೆ ಮಾತ್ರ ಅವರಿಗೆ ನಾಲ್ಕು ಕಾಸು. ಬೇರೆ ಬೇರೆ ಪ್ಲಾಸ್ಟಿಕ್ ಸೇರಿಸಿ ಕರಗಿಸಿದರೆ ಬರುವ ಮಾಲು ಸಾಮಾನ್ಯವಾಗಿ ಗಟ್ಟಿ ಇರುವುದಿಲ್ಲ. ಜೊತೆಗೆ ಒಳಗೆ ಲಿಥಿಯಂ ಸೆಲ್ಲು ಉಳಿದು ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಅದೇ ಜೀಪಿನ ಹಳೇ ಬ್ಯಾಟರಿ ಕೊಡಿ, ಖುಷಿಯಾಗಿ ತೂಕಕ್ಕೆ ಹಾಕಿಕೊಳ್ಳುತ್ತಾರೆ, ಯಾಕೆಂದರೆ ಅದರಲ್ಲಿ ಸೀಸ ಇದೆ ಅಂತಲೂ ಗೊತ್ತು, ಅದನ್ನು ತೆಗೆಯುವುದು ಹೇಗೆ ಅಂತಲೂ ಗೊತ್ತು.

ಹಾಗಾಗಿ ವಸ್ತು ಮರುಬಳಕೆಗೆ ಹೋಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಡಿಸೈನ್ ಮಾಡುವವರ ಮೇಜಿನ ಮೇಲೇ ತೀರ್ಮಾನವಾಗಿರುತ್ತದೆ. ಎಲ್ಲ ಕಡೆ ಒಂದೇ ಅಳತೆಯ ಸ್ಕ್ರೂ, ಬ್ಯಾಟರಿಗೆ ಬೇರೆ ಮುಚ್ಚಳ, ಬೆಸುಗೆಯ ಬದಲು ಎಳೆದರೆ ಬರುವ ಪ್ಲಗ್ಗು, ಪ್ಲಾಸ್ಟಿಕ್ ಮೇಲೆ ಅದರ ಜಾತಿ ಹೇಳುವ ಪಿಪಿ, ಎಬಿಎಸ್ ಅನ್ನುವ ಗುರುತು. ಇದೇನು ದೊಡ್ಡ ವಿದ್ಯೆಯಲ್ಲ, ಮನಸ್ಸು ಬೇಕು, ಇಲ್ಲವೇ ಕಾನೂನು ಬೇಕು. ಫ್ರಾನ್ಸಿನಲ್ಲಿ 2021ರಲ್ಲಿ ಫೋನು, ವಾಷಿಂಗ್ ಮಷೀನಿನಂಥ ಕೆಲವು ವಸ್ತುಗಳ ಮೇಲೆ ರಿಪೇರಿ ಎಷ್ಟು ಸುಲಭ ಎಂದು ಹತ್ತಕ್ಕೆ ಅಂಕ ಹಾಕಲೇಬೇಕು ಅನ್ನುವ ನಿಯಮ ತಂದರು. ಯುರೋಪಿಯನ್ ಒಕ್ಕೂಟದಲ್ಲಿ ಕೆಲವು ವಿನಾಯಿತಿ ಬಿಟ್ಟರೆ, ಇಂಥ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವಂತಿರಬೇಕು ಅನ್ನುವ ನಿಯಮಕ್ಕೆ 2027ರ ಫೆಬ್ರವರಿ ಗಡುವು. ನಮ್ಮಲ್ಲಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿದೆ.

ನಿಮ್ಮ ಲೈಟನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಸೆಲ್ಲಿಗೆ ತೂತಾದರೆ ಅಪಾಯ. ಒಲೆಗೂ ಹಾಕಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಿ. ಇನ್ನೊಂದು ಕೊಳ್ಳುವಾಗ ಅಂಗಡಿಯಲ್ಲೇ ತಿರುಗಿಸಿ ನೋಡಿ, ಸ್ಕ್ರೂ ಕಾಣಿಸದಿದ್ದರೆ ‘ಸೆಲ್ಲು ಬೇರೆ ಸಿಗುತ್ತಾ, ಹಾಕಿಕೊಡ್ತೀರಾ’ ಅಂತ ಕೇಳಿ. ಇಲ್ಲ ಅಂದರೆ ಪಕ್ಕದ್ದನ್ನು ತೋರಿಸಲು ಹೇಳಿ, ಐವತ್ತು ನೂರು ಜಾಸ್ತಿಯಾದರೂ ಪರವಾಗಿಲ್ಲ.