ಕೈಗಾದ ನೆರೆಯ ಮನೆಗೆ ಅಯೋಡಿನ್ ಮಾತ್ರೆ ಬೇಕೇ?

ಪ್ರಶ್ನೆ: ನಾವು ಕೈಗಾ ಅಣು ವಿದ್ಯುತ್ ಸ್ಥಾವರದಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯವರು. ಮೈದುನ ಅಲ್ಲಿಯೇ ಗುತ್ತಿಗೆ ಕೆಲಸದಲ್ಲಿದ್ದಾನೆ. ಮಾವನವರು ಸ್ಥಾವರ ಬೇಡವೆಂದು ಹೋರಾಡಿದವರು. ಅಲ್ಲಿನ ಹೊಸ 5 ಮತ್ತು 6ನೇ ಘಟಕಗಳ ಮಾತು ಬಂದರೆ ಸಾಕು, ಊಟದ ಹೊತ್ತಿನಲ್ಲಿ ವಾದ ಶುರುವಾಗುತ್ತದೆ. ನನಗೀಗ ಆರು ತಿಂಗಳು. ಮನೆಯ ಹಸುವಿನ ಹಾಲು, ಕಾಳಿ ನದಿಯ ಮೀನು ಬಿಡಬೇಕೇ? ಅಯೋಡಿನ್ ಮಾತ್ರೆ ತಂದಿಡಬೇಕೇ? ಇಬ್ಬರಲ್ಲಿ ಯಾರ ಮಾತು ನಂಬಲಿ?
(ಹೆಸರು ಬೇಡ, ಕಾರವಾರ ತಾಲ್ಲೂಕು)

ಉತ್ತರ: ನಿಮ್ಮ ಪತ್ರವನ್ನು ಓದಿದಾಗ ನನಗೆ ಅನ್ನಿಸಿದ್ದು ಇಷ್ಟು: ಮೈದುನ ಹೇಳುತ್ತಿರುವುದು ಸ್ಥಾವರ ಸರಿಯಾಗಿ ನಡೆಯುವ ದಿನಗಳ ಮಾತು, ಮಾವನವರು ಹೇಳುತ್ತಿರುವುದು ಅದು ಕೆಡುವ ಒಂದು ದಿನದ ಮಾತು. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಮೊದಲು ದಿನನಿತ್ಯದ ಸಂಗತಿ. ಸ್ಥಾವರದ ಕಾರಣದಿಂದ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ವಿಕಿರಣ ತಗುಲಬಾರದೆಂಬುದು ನಿಯಮ. ಮಿಲಿಸೀವರ್ಟ್ ಎಂದರೆ ಮೈಗೆ ತಗುಲಿದ ವಿಕಿರಣದ ಅಳತೆ. ಮಣ್ಣು, ಕಲ್ಲು, ಆಕಾಶ ಮತ್ತು ಮನೆಯೊಳಗಿನ ರೇಡಾನ್ ಅನಿಲದಿಂದ ಜಗತ್ತಿನ ಜನರಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗುಲುತ್ತದೆ. ಕೈಗಾದ ಸುತ್ತಲಿನ ನೀರು, ಮೀನು, ಹಾಲು, ಬೆಳೆಗಳ ಮಾದರಿಗಳನ್ನು ಅಲ್ಲಿನ ಪರಿಸರ ಸಮೀಕ್ಷಾ ಪ್ರಯೋಗಾಲಯ ನಿಯಮಿತವಾಗಿ ಪರೀಕ್ಷಿಸುತ್ತದೆ; ಪ್ರಕಟವಾಗಿರುವ ಅಂಕಿಗಳು ನಿಯಮದ ಮಿತಿಗಿಂತ ಬಹಳ ಕೆಳಗಿವೆ. ಆದ್ದರಿಂದ ಹಾಲನ್ನೂ ಮೀನನ್ನೂ ಬಿಡಬೇಕಾಗಿಲ್ಲ. ಬಸುರಿಯಲ್ಲಿ ಇವೆರಡನ್ನೂ ಬಿಟ್ಟರೆ ಆಗುವ ನಷ್ಟವೇ ದೊಡ್ಡದು.

ಹಾಗೆಂದು ಮಾವನವರ ಅನುಮಾನವನ್ನು ಅಜ್ಞಾನವೆಂದು ತಳ್ಳಿಹಾಕುವವನು ನಾನಲ್ಲ. ಅಳೆಯುವ ಪ್ರಯೋಗಾಲಯವೂ ಸ್ಥಾವರ ನಡೆಸುವ ನಿಗಮವೂ ಒಂದೇ ಅಣುಶಕ್ತಿ ಇಲಾಖೆಯ ನೆರಳಿನಲ್ಲಿವೆ. ಇಂಧನ ತುಂಬುವ ಮೊದಲೇ, 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಘಟಕದ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದುದನ್ನು ಆ ತಲೆಮಾರು ಮರೆತಿಲ್ಲ. 2009ರ ನವೆಂಬರಿನಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಇದ್ದ, ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಬೆರೆಸಿದ್ದು ಕಾರ್ಮಿಕರ ಮೂತ್ರ ಪರೀಕ್ಷೆಯಿಂದ ಬಯಲಾಯಿತು. ಪರೀಕ್ಷೆಯ ವ್ಯವಸ್ಥೆ ಕೆಲಸ ಮಾಡಿತೆಂದು ಮೈದುನ ಹೇಳಬಹುದು, ಕಾವಲಿನ ವ್ಯವಸ್ಥೆ ಸೋತಿತೆಂದು ಮಾವನವರು ಹೇಳಬಹುದು, ಎರಡೂ ನಿಜವೇ. ಇನ್ನೊಂದು ಮಾತು: ಜರ್ಮನಿಯಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸ್ಥಾವರಗಳಿಂದ 5 ಕಿಲೋಮೀಟರ್ ಒಳಗೆ ವಾಸಿಸುವ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಹೆಚ್ಚಾಗಿರುವುದನ್ನು ಕಂಡಿತು. ಹೊರಬೀಳುವ ಅಲ್ಪ ವಿಕಿರಣದಿಂದ ಅದನ್ನು ವಿವರಿಸಲಾಗುವುದಿಲ್ಲವೆಂದು ಆ ಸಂಶೋಧಕರೇ ಬರೆದರು. ಹೊಸ ಘಟಕಗಳಿಗಾಗಿ ಮಲ್ಲಾಪುರದಲ್ಲಿ 2018ರಲ್ಲಿ ಅಹವಾಲು ಸಭೆ ನಡೆದದ್ದುಂಟು. ಅಂಥ ಸಭೆಗಳಲ್ಲಿ ಊರವರು ಆರೋಗ್ಯದ ಅಂಕಿಅಂಶ ಕೇಳಿದರೆ ಅದು ಅಭಿವೃದ್ಧಿಗೆ ಅಡ್ಡಗಾಲೆಂದು ಬೈಯುವವರ ಜೊತೆ ನನ್ನ ಸಹಮತವಿಲ್ಲ.

ಇನ್ನು ಕೆಡುವ ದಿನ. 1986ರ ಏಪ್ರಿಲಿನಲ್ಲಿ ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸಿಡಿದಾಗ ಸುತ್ತಲಿನ ಮಕ್ಕಳ ಥೈರಾಯ್ಡ್ ಗ್ರಂಥಿಗೆ ವಿಷವನ್ನು ಮುಟ್ಟಿಸಿದ್ದು ಮುಖ್ಯವಾಗಿ ಹಾಲು. ಗಾಳಿಯಲ್ಲಿ ಬಂದ ವಿಕಿರಣಶೀಲ ಅಯೋಡಿನ್-131 ಹುಲ್ಲಿಗಿಳಿಯಿತು, ಹಸು ಮೇಯಿತು, ಮಕ್ಕಳು ಕುಡಿದರು, ಹಲವೆಡೆ ಸಕಾಲಕ್ಕೆ ಯಾರೂ ಬೇಡವೆನ್ನಲಿಲ್ಲ. ಅದರ ಅರ್ಧಾಯುಷ್ಯ, ಎಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಸಮಯ, ಕೇವಲ 8 ದಿನ; ಹಾಗಾಗಿ ಕೆಲವು ವಾರ ಆ ಹಾಲನ್ನು ತಡೆದಿದ್ದರೆ ಎಷ್ಟೋ ಮಕ್ಕಳು ಕ್ಯಾನ್ಸರಿನಿಂದ ತಪ್ಪಿಸಿಕೊಳ್ಳುತ್ತಿದ್ದರು. ಪಕ್ಕದ ಪೋಲೆಂಡ್ ಕೆಲವೇ ದಿನಗಳಲ್ಲಿ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿತು. ಜಪಾನಿನ ಫುಕುಶಿಮಾ ಸ್ಥಾವರ 2011ರಲ್ಲಿ ಕೆಟ್ಟಾಗ ಹಾಲಿನ ಮೇಲೆ ಬೇಗ ನಿರ್ಬಂಧ ಬಂದುದರಿಂದ ಮಕ್ಕಳಿಗೆ ತಗುಲಿದ ಪ್ರಮಾಣ ಎಷ್ಟೋ ಕಡಿಮೆ. ಅಲ್ಲಿ ವೃದ್ಧರೂ ರೋಗಿಗಳೂ ಹೆಚ್ಚಾಗಿ ಬಲಿಯಾದದ್ದು ಅವಸರದ ಸ್ಥಳಾಂತರಕ್ಕೆ ಮತ್ತು ಆ ನಂತರದ ಬದುಕಿನ ಪಾಡಿಗೆ.

ಆದ್ದರಿಂದ ಮಾತ್ರೆಯ ವಿಷಯ ಹೀಗೆ. ಅಯೋಡಿನ್ ಮಾತ್ರೆಯಲ್ಲಿರುವ ಪೊಟ್ಯಾಸಿಯಂ ಅಯೋಡೈಡ್ ಥೈರಾಯ್ಡನ್ನು ಮೊದಲೇ ತುಂಬಿಸಿ ವಿಕಿರಣಶೀಲ ಅಯೋಡಿನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ಸೀಸಿಯಂ, ಟ್ರಿಟಿಯಂನಂಥ ಬೇರೆ ವಿಕಿರಣಶೀಲ ವಸ್ತುಗಳ ಎದುರು ಅದರಿಂದ ಪ್ರಯೋಜನವಿಲ್ಲ. ವಿಕಿರಣ ಬರುವ ಸ್ವಲ್ಪ ಮೊದಲು ಅಥವಾ ಬಂದ ಕೆಲವು ಗಂಟೆಗಳೊಳಗೆ ತೆಗೆದುಕೊಂಡರೆ ಮಾತ್ರ ಫಲ. ಭಯವಾದಾಗಲೆಲ್ಲ ನುಂಗಿದರೆ ಗ್ರಂಥಿಯೇ ಹದಗೆಡಬಹುದು. ಗರ್ಭಿಣಿಯರಿಗೂ ಮಕ್ಕಳಿಗೂ ಮೊದಲ ಆದ್ಯತೆ ನಿಜ, ಆದರೆ ನವಜಾತ ಶಿಶುವಿಗೆ ವಯಸ್ಕರ ಮಾತ್ರೆಯ ಎಂಟನೇ ಒಂದು ಭಾಗ ಸಾಕು. ಹೀಗಾಗಿ ನೀವಾಗಿಯೇ ಕೊಂಡು ನುಂಗಬೇಡಿ. ಸ್ಥಾವರದ ಸುತ್ತ 16 ಕಿಲೋಮೀಟರ್ ತುರ್ತು ಯೋಜನಾ ವಲಯ, ನಿಮ್ಮ ಮನೆ ಅದರೊಳಗಿದೆ. ಮಾತ್ರೆಯ ದಾಸ್ತಾನು ಎಲ್ಲಿದೆ, ಎಚ್ಚರಿಕೆ ಹೇಗೆ ಬರುತ್ತದೆ, ಯಾವ ಶಾಲೆಯಲ್ಲಿ ಸೇರಬೇಕು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಪಂಚಾಯಿತಿಯಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಎಚ್ಚರಿಕೆ ಬಂದರೆ ಒಳಗೆ ಹೋಗಿ ಕಿಟಕಿ ಬಾಗಿಲು ಮುಚ್ಚಿ. ಹೊರಗಿನಿಂದ ಬಂದವರು ಬಟ್ಟೆ ಬದಲಿಸಿ ಮೈ ತೊಳೆಯಲಿ. ಹಸುವನ್ನು ಕೊಟ್ಟಿಗೆಯಲ್ಲೇ ಕಟ್ಟಿ ಒಣಹುಲ್ಲು ಹಾಕಿ. ಅನುಮತಿ ಬರುವ ತನಕ ಆ ಹಾಲು ಬೇಡ. ಈ ಕೆಲಸಗಳಲ್ಲಿ ಮಾವ, ಮೈದುನ ಇಬ್ಬರಿಗೂ ಪಾಲಿದೆ.

ಪ್ರಶ್ನೆ: ಅಯೋಡಿನ್‌ಯುಕ್ತ ಉಪ್ಪನ್ನೇ ಹೆಚ್ಚು ತಿಂದರೆ ಆಗದೇ?
(ಓದುಗರು, ದಾವಣಗೆರೆ)

ಉತ್ತರ: ಆಗದು. ವಯಸ್ಕರ ಒಂದು ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ನಮ್ಮಲ್ಲಿ ಅಡುಗೆಮನೆ ಸೇರುವ ಉಪ್ಪಿನಲ್ಲಿ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕೆಂಬುದು ನಿಯಮ. ಆ ಲೆಕ್ಕದಲ್ಲಿ ಒಂದೇ ದಿನ ಆರೂವರೆ ಕಿಲೋಗಿಂತ ಹೆಚ್ಚು ಉಪ್ಪು ತಿನ್ನಬೇಕಾಗುತ್ತದೆ. ಫುಕುಶಿಮಾ ಸುದ್ದಿ ಕೇಳಿ ಚೀನಾದ ಹಲವು ನಗರಗಳಲ್ಲಿ ಜನ ಅಂಗಡಿಗಳ ಉಪ್ಪನ್ನೆಲ್ಲ ಖಾಲಿ ಮಾಡಿದ್ದರು.