ದಕ್ಷಿಣ ಇಟಲಿಯಲ್ಲಿ ಮಿಷನರಿ ದಂಪತಿ ದಿನಕ್ಕೆ ಎಷ್ಟು ಮನೆ ಭೇಟಿ ಮಾಡಬಹುದು?

ಒಂದು. ಮನೆಯವರು ಬೇಗ ಬಿಟ್ಟರೆ ಒಂದೂವರೆ.

ನಿಮ್ಮ ದೊಡ್ಡಪ್ಪ-ದೊಡ್ಡಮ್ಮ ಹದಿನೈದು ದಿನದಲ್ಲಿ ನೇಪಲ್ಸ್‌ನಿಂದ ಸಿಸಿಲಿವರೆಗೆ ಇಪ್ಪತ್ತು ಸಣ್ಣ ಕ್ರೈಸ್ತ ಸಭೆಗಳಿಗೆ (ಅಂದರೆ ಚರ್ಚುಗಳಿಗೆ) ಹೋಗಬೇಕು ಅಂತ ಪಟ್ಟಿ ಮಾಡಿಕೊಂಡಿದ್ದಾರೆ, ಆಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ. ಇಟಲಿಯ ದಕ್ಷಿಣ ತುದಿಯ ಕಲಾಬ್ರಿಯಾ ಪ್ರಾಂತ್ಯದ ರೆಂದೆಯಲ್ಲಿ ಎರಡು ವರ್ಷ ಓದುವಾಗ ನಾನು ಒಬ್ಬ ಅಮೆರಿಕನ್ ಮಿಷನರಿ ದಂಪತಿಯ ಜೊತೆ ಎಷ್ಟೋ ಶನಿವಾರ ಸುತ್ತಿದ್ದೇನೆ. ಇಬ್ಬರಿಗೂ ಎಪ್ಪತ್ತರ ಹತ್ತಿರ ವಯಸ್ಸು. ಹೆಸರು ಹಿಡಿದೇ ಕರಿ ಅನ್ನುತ್ತಿದ್ದರು. ನನಗೆ ಬಾಯಿ ಬರಲಿಲ್ಲ, ಅಂಕಲ್-ಆಂಟಿ ಅಂತಲೇ ಕರೆದೆ. ಬ್ಯಾಗು ಹೊರುವುದು, ದಾರಿ ಕೇಳುವುದು, ಅರ್ಧಂಬರ್ಧ ಇಟಾಲಿಯನ್‌ನಲ್ಲಿ ಫೋನ್ ಮಾಡುವುದು ನನ್ನ ಕೆಲಸ.

ಮೊದಲ ಸಲ ಒಂದು ಬೆಟ್ಟದ ಊರಿಗೆ ಹೋಗಿದ್ದೆವು. ಪೆಂಟೆಕೋಸ್ಟಲ್ (ಪವಿತ್ರಾತ್ಮದ ಅನುಭವಕ್ಕೆ ಒತ್ತು ಕೊಡುವ ಪ್ರೊಟೆಸ್ಟೆಂಟ್ ಪಂಥ) ಸಭೆಯ ಅಜ್ಜಿಯೊಬ್ಬರ ಮನೆ. ಬಾಗಿಲಲ್ಲೇ 'ಪಾಚೆ' ಅಂದರು. ಸಮಾಧಾನ ಅಂತ ಅರ್ಥ, ಅವರ ಸಭೆಯವರು ಎದುರಾದಾಗ ಹೇಳುವುದೇ ಹಾಗೆ. ಅರ್ಧ ಗಂಟೆ ಮಾತಾಡಿಸಿ, ಪ್ರಾರ್ಥನೆ ಮಾಡಿ ಹೊರಡೋದು ಅಂಕಲ್ ಲೆಕ್ಕ. ಪಾಸ್ತಾ ಬಂತು. ಊಟ ಅಂದರೆ ಇಷ್ಟೇ ಅಂದುಕೊಂಡು ಎರಡೆರಡು ಸಲ ಹಾಕಿಸಿಕೊಂಡೆವು. ಆಮೇಲೆ ಮಾಂಸ, ಸೊಪ್ಪು, ಹಣ್ಣು. ನಡುವೆ ಬ್ರೆಡ್ಡಿಗೆ ಹಚ್ಚಿದ 'ನ್‌ದುಯಾ. ಹಂದಿಮಾಂಸಕ್ಕೆ ಸಿಕ್ಕಾಪಟ್ಟೆ ಮೆಣಸಿನಕಾಯಿ ಸೇರಿಸಿ ಮಾಡುವ ಕೆಂಪು ಮುದ್ದೆ ಅದು. ಆಂಟಿ ಕಣ್ಣಲ್ಲಿ ನೀರು. ನಾನು ಇನ್ನೊಂದು ತುಂಡು ಕೇಳಿದೆ. ಅಜ್ಜಿಗೆ ನನ್ನ ಮೇಲೆ ಪ್ರೀತಿ ಬಂದುಬಿಟ್ಟಿತು!

ಕಾಫಿ ಆದ ಮೇಲೆ ಅವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಬೈಬಲ್ ತಂದರು. ಬೆನ್ನು ಕಿತ್ತು ಹೋಗಿತ್ತು, ದಪ್ಪ ದಾರದಲ್ಲಿ ಹೊಲಿದಿದ್ದರು. ಅವರ ತಾತ ಅಮೆರಿಕಕ್ಕೆ ಕೂಲಿಗೆ ಹೋಗಿ ಅಲ್ಲೇ ಈ ನಂಬಿಕೆಗೆ ಬಂದವರಂತೆ. ಆ ಕಡೆಯ ಎಷ್ಟೋ ಸಭೆಗಳ ಕಥೆ ಇದೇ. ಊರಿಗೆ ಮರಳಿದ ವಲಸಿಗರು ಶುರು ಮಾಡಿದ್ದು. 1935ರಲ್ಲಿ ಮುಸೊಲಿನಿ ಸರ್ಕಾರ ಒಂದು ಸುತ್ತೋಲೆ ಹೊರಡಿಸಿ ಪೆಂಟೆಕೋಸ್ಟಲ್ ಆರಾಧನೆಯನ್ನು ನಿಷೇಧಿಸಿತು. ಆ ಸುತ್ತೋಲೆ ರದ್ದಾಗಿದ್ದು 1955ರಲ್ಲಿ, ಅಂದರೆ ಮುಸೊಲಿನಿ ಸತ್ತು ಹತ್ತು ವರ್ಷ ಆದ ಮೇಲೆ. ಕಿಟಕಿ ಮುಚ್ಚಿ ಪಿಸುದನಿಯಲ್ಲಿ ಹಾಡುತ್ತಿದ್ದೆವು ಅಂತ ಅಜ್ಜಿ ಹಾಡಿ ತೋರಿಸಿದರು. ಅಂಕಲ್ ಇಪ್ಪತ್ತು ನಿಮಿಷದ ಸಂದೇಶ ಬರೆದು ತಂದಿದ್ದರು. ಆ ಹಾಳೆ ಜೇಬಿನಿಂದ ಈಚೆ ಬರಲೇ ಇಲ್ಲ. ಅಲ್ಲಿಂದ ಎದ್ದಾಗ ಮೂರೂವರೆ ಗಂಟೆ ಕಳೆದಿತ್ತು.

ಪಟ್ಟಿಯಲ್ಲಿ ಕಲಾಬ್ರಿಯಾದ ಗ್ವಾರ್ದಿಯಾ ಪಿಯೆಮೊಂತೇಸೆ ಇಲ್ಲದಿದ್ದರೆ ಸೇರಿಸಿ, ಬೇರೆ ಯಾವುದನ್ನಾದರೂ ಬಿಡಿ. ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಲೂಥರ್‌ಗಿಂತ ಮುನ್ನೂರು ವರ್ಷ ಹಿಂದೆಯೇ ಹುಟ್ಟಿ ಕ್ಯಾಥೊಲಿಕ್ ಚರ್ಚಿನಿಂದ ಬೇರೆಯಾದ ವಾಲ್ಡೆನ್ಸಿಯನ್ ಪಂಥದವರು ಉತ್ತರದ ಪಿಯೆಮೊಂತೆ ಕಣಿವೆಗಳಿಂದ ಬಂದು ನೆಲೆಸಿದ ಊರು. 1561ರ ಜೂನ್‌ನಲ್ಲಿ ಕ್ಯಾಥೊಲಿಕ್ ಆಡಳಿತದ ಸೈನಿಕರು ಅವರನ್ನು ಕೊಚ್ಚಿ ಹಾಕಿದರು. ಊರ ಹೆಬ್ಬಾಗಿಲಿಗೆ ಈಗಲೂ 'ರಕ್ತದ ಬಾಗಿಲು' ಅಂತಲೇ ಹೆಸರು. ಹಳೆಯ ಮನೆಗಳ ಬಾಗಿಲಲ್ಲಿ ಅಂಗೈಯಷ್ಟು ಸಣ್ಣ ಕಿಂಡಿ ಇರುತ್ತದೆ. ನಮ್ಮ ಕಡೆ ಯಾರು ಬಂದರು ಅಂತ ಒಳಗಿಂದ ನೋಡುತ್ತೇವೆ ಅಲ್ವಾ, ಇದು ಉಲ್ಟಾ. ಹೊರಗಿನಿಂದ ಮಾತ್ರ ತೆರೆಯುವಂಥದ್ದು. ಉಳಿದವರು ಒಳಗೆ ಕದ್ದು ತಮ್ಮ ಹಳೆಯ ಪ್ರಾರ್ಥನೆ ಮಾಡುತ್ತಿದ್ದಾರಾ ಅಂತ ಇಣುಕಲು ಮಾಡಿಸಿದ್ದು. ಆಂಟಿ ಅದರ ಮೇಲೆ ಬೆರಳಿಟ್ಟು ಸುಮ್ನೆ ನಿಂತುಬಿಟ್ಟರು. ಅಲ್ಲಿಯವರು ಇವತ್ತಿಗೂ ಆಕ್ಸಿಟನ್ ಭಾಷೆ (ದಕ್ಷಿಣ ಫ್ರಾನ್ಸ್ ಕಡೆಯ ಹಳೆಯ ಭಾಷೆ) ಆಡುತ್ತಾರೆ.

ಓಡಾಟಕ್ಕೆ ರೈಲೇ ವಾಸಿ. ಸಿಸಿಲಿಗೆ ಹೋಗುವ ದೂರದ ರೈಲಿನ ಬೋಗಿಗಳನ್ನು ಕಲಾಬ್ರಿಯಾದ ವಿಲ್ಲಾ ಸಾನ್ ಜಿಯೊವಾನ್ನಿ ಬಂದರಿನಲ್ಲಿ ಬಿಡಿಸಿ ಹಡಗಿನೊಳಗೇ ತಳ್ಳುತ್ತಾರೆ. ದೊಡ್ಡಮ್ಮನಿಗೆ ಅದನ್ನು ತೋರಿಸಿ. ಕಾರು ತೆಗೆದುಕೊಂಡರೆ ಹಳೇ ಪೇಟೆಯೊಳಗೆ ನುಗ್ಗಬೇಡಿ. 'ಜೆಟಾ-ತಿ-ಎಲ್ಲೆ' (ZTL, ಅಂದರೆ ಪರವಾನಗಿ ಇಲ್ಲದ ವಾಹನ ಬರಬಾರದ ವಲಯ) ಫಲಕ ಇರುವ ಕಡೆ ಕ್ಯಾಮೆರಾ ಇರುತ್ತದೆ, ನಾವು ಒಮ್ಮೆ ತಿರುವು ತಪ್ಪಿ ಹೋಗಿದ್ದಕ್ಕೆ ನಾಲ್ಕು ತಿಂಗಳ ಮೇಲೆ ದಂಡದ ಚೀಟಿ ಬಂತು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ, ಊಟಕ್ಕೆ ಕರೆದಿಲ್ಲದಿದ್ದರೆ, ಯಾರ ಮನೆ ಬಾಗಿಲೂ ತಟ್ಟಬೇಡಿ. ಆಗಸ್ಟ್ ಬೇಡವೇ ಬೇಡ, ಎಲ್ಲರೂ ಸಮುದ್ರದ ಕಡೆ ಹೋಗಿರುತ್ತಾರೆ. ಸಭೆಯವರ ಮನೆಯಲ್ಲೇ ಉಳಿದುಕೊಂಡರೆ ಆ ಮನೆಯವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಇದನ್ನು ಮೊದಲೇ ನೆನಪಿಸಿ.

ಅಂಕಲ್ ಬಳಿಯೂ ನಿಮ್ಮ ದೊಡ್ಡಪ್ಪನಂಥದ್ದೇ ಪಟ್ಟಿ ಇತ್ತು. ನೇಪಲ್ಸ್ ಪಕ್ಕದ ಪೊಝ್ಝುವೊಲಿ ಬಂದರಿನ ಬೆಂಚಿನ ಮೇಲೆ ಕೂತಿದ್ದೆವು. ಅಪೊಸ್ತಲ ಪೌಲ ಸಿಸಿಲಿಯ ಸಿರಾಕೂಸಾದಲ್ಲಿ ಮೂರು ದಿನ ತಂಗಿ, ಕಲಾಬ್ರಿಯಾದ ರೆಜ್ಜೊ ಮುಟ್ಟಿ, ಇಲ್ಲಿಗೆ ಬಂದಿಳಿದ ಅಂತ ಅಂಕಲ್ ಬೈಬಲ್‌ನ ಅಪೊಸ್ತಲರ ಕೃತ್ಯಗಳ 28ನೇ ಅಧ್ಯಾಯ ಓದುತ್ತಿದ್ದರು. "ಇಲ್ಲಿ ಎಷ್ಟು ದಿನ ಇದ್ದ?" ಅಂತ ಆಂಟಿ ಕೇಳಿದರು. "ಏಳು." ಆಂಟಿ ಕೈಚಾಚಿ ಪಟ್ಟಿ ಇಸಕೊಂಡು, ಬ್ಯಾಗಿನಿಂದ ಪೆನ್ನು ತೆಗೆದು ಆರು ಊರು ಹೊಡೆದು ಹಾಕಿದರು.