ಸಂಕದಿಂದಲೇ ಶುರುಮಾಡಿ

ತೀರ್ಥಹಳ್ಳಿ ಕಡೆಯಿಂದ ‘ಕಬ್ಬಿಣದ ಕಮಾನು ಸೇತುವೆಗಳು’ ಕಳಿಸಿದವರಿಗೆ,

ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಬೇಜಾರು ಮಾಡಿಕೊಳ್ಳಬೇಡಿ, ಕೈಬಿಡಲು ಮನಸ್ಸಾಗದ್ದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಾಗರಿಕತೆ, ನದಿ, ಮಾನವ ಎಂದೆಲ್ಲ ಇರುವ ಮೊದಲ ಎರಡು ಪುಟ ಹೊಡೆದುಹಾಕಿ. ನಿಮ್ಮ ಬರಹ ಕಣ್ಣು ಬಿಡುವುದು ಐದನೇ ಪುಟದಲ್ಲಿ: ಮಳೆಗಾಲಕ್ಕೆ ಮುಂಚೆ ಹಳ್ಳ ದಾಟಲು ಅಡಿಕೆ ಮರದ ಸಂಕ ಹಾಕುತ್ತಿದ್ದದ್ದು, ನಡುವೆ ಕಾಲಿಟ್ಟರೆ ಅದು ಜಗ್ಗುತ್ತಿದ್ದದ್ದು. ಮೂರೇ ಸಾಲಲ್ಲಿ ದಾಟಿಬಿಟ್ಟಿರಲ್ಲ! ಸಂಕ ಜಗ್ಗಿದಾಗ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಅಡಿಭಾಗ ಎಳೆದುಕೊಳ್ಳುತ್ತದೆ. ಅಡಿಕೆ ಮರದ ನಾರು ಆ ಎಳೆತ ತಾಳುತ್ತದೆ. ಬೀಡು, ಅಂದರೆ ಎರಕದ ಕಬ್ಬಿಣ, ಒತ್ತಡಕ್ಕೆ ಗಟ್ಟಿ, ಎಳೆತಕ್ಕೆ ಮಾತ್ರ ಹೇಳದೆ ಕೇಳದೆ ಮುರಿಯುತ್ತದೆ. ಅದಕ್ಕೇ ಕಮಾನು. ಭಾರವೆಲ್ಲ ಬಿಲ್ಲಿನಗುಂಟ ಒತ್ತಿಕೊಂಡೇ ದಡಕ್ಕಿಳಿಯುತ್ತದೆ. ಇದೊಂದನ್ನು ಹೇಳದೆ ಹನ್ನೊಂದು ಪುಟ ಬರೆದಿದ್ದೀರಿ.

ಬೀಡು, ಮೆದುಕಬ್ಬಿಣ, ಉಕ್ಕು ಮೂರನ್ನೂ ಕಲಸಿದ್ದೀರಿ. 1923ರಿಂದ ಕಬ್ಬಿಣ ಇಳಿಸಿದ ಭದ್ರಾವತಿಯ ಪಕ್ಕದಲ್ಲಿದ್ದುಕೊಂಡು ಹೀಗಾದರೆ ಹೇಗೆ? ಬೀಡಿನ ಕಾವಲಿ ಕೈಜಾರಿ ಬಿದ್ದರೆ ಎರಡು ಹೋಳು. ಕಬ್ಬಿಣದ ಸಟ್ಟುಗ ಬಿದ್ದರೆ ಹೆಚ್ಚೆಂದರೆ ಸೊಟ್ಟಗಾದೀತು.

ಇಂಗ್ಲೆಂಡಿನ ಸೆವರ್ನ್ ನದಿಯ ಮೇಲಿನ, ಜಗತ್ತಿನ ಮೊದಲ ದೊಡ್ಡ ಬೀಡಿನ ಸೇತುವೆಯ ಇಸವಿ ತಿದ್ದಿ. 1779ರಲ್ಲಿ ಎದ್ದದ್ದು ಕಮಾನು, ಸಂಚಾರ ಶುರುವಾದದ್ದು 1781ರ ಹೊಸ ವರ್ಷದ ದಿನ. ಕೀರ್ತಿಯೆಲ್ಲ ಎರಕ ಹೊಯ್ಸಿದ ಮೂರನೇ ಏಬ್ರಹಾಂ ಡಾರ್ಬಿಗೇ ಹೋಗಿದೆ. ನಕ್ಷೆ ಬರೆದ ಥಾಮಸ್ ಪ್ರಿಚರ್ಡ್ 1777ರಲ್ಲೇ ತೀರಿಕೊಂಡ, ಪಾಪ, ಅವನಿಗೂ ಒಂದು ಸಾಲು ಕೊಡಿ. 30 ಮೀಟರ್ ಹರವು, 378 ಟನ್ ಬೀಡು, ಸರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ಆವರಣದೊಳಗೆ ತುರುಕಿದ ಮಾತು: ಬೋಲ್ಟು, ರಿವೆಟ್ಟು ನೆಚ್ಚದೆ, ಬಡಗಿ ಬಾಗಿಲುವಾಡ ಕೂಡಿಸುವಂತೆ ತುದಿಯನ್ನು ತೂತಿಗೆ ಕೂರಿಸಿ ಬೆಣೆ ಹೊಡೆದಿದ್ದಾರೆ. ಲೋಹ ಹೊಸದು, ಕೈಗೆ ಗೊತ್ತಿದ್ದದ್ದು ಮರಗೆಲಸ. ನಿಮ್ಮೂರಿನ ಬಡಗಿಯ ಹತ್ತಿರ ಅರ್ಧ ದಿನ ಕೂತು, ಆ ಜೋಡಣೆಗೆ ಅವರು ಏನನ್ನುತ್ತಾರೋ ಅದೇ ಪದದಲ್ಲಿ ಬರೆಯಿರಿ.

1795ರ ನೆರೆಯಲ್ಲಿ ಅಕ್ಕಪಕ್ಕದ ಸೇತುವೆಗಳು ಹಾಳಾದರೂ ಇದು ನಿಂತಿತು. ತುಂಗೆಯ ನೆರೆ ಕಂಡವರು ಇದನ್ನು ಬಿಡಬಾರದಿತ್ತು.

1847ರಲ್ಲಿ ಇಂಗ್ಲೆಂಡಿನ ಚೆಸ್ಟರ್ ಊರಿನ ರೈಲು ಸೇತುವೆ ಕುಸಿದ ಅವಘಡವನ್ನು ‘ದುರದೃಷ್ಟ’ ಎಂದಿದ್ದೀರಿ. ಬೀಡಿನ ತೊಲೆಯನ್ನು ಸಂಕದ ಹಾಗೆ ಅಡ್ಡ ಮಲಗಿಸಿ ಮೇಲೆ ರೈಲು ಬಿಟ್ಟಿದ್ದರು. ಮುರಿಯಿತು, ಐವರು ಸತ್ತರು. ಆ ಪದ ತೆಗೆಯಿರಿ.

ಆರು ಪುಟಕ್ಕಿಳಿಸಿ. ಕೊನೆಕೊಯ್ಲು ಮುಗಿಸಿಕೊಂಡು ಕಳಿಸಿದರೂ ಆದೀತು. ಸಂಕದ ಹಳೇ ಫೋಟೋ ಇದ್ದರೆ ಜೊತೆಗಿಡಿ.

ಸಂಪಾದಕ, ಶಿವಮೊಗ್ಗ